ಮೊರಿಯಾರ್ಟಿಯ ಬಂಡವಾಳ

ಮಾನ್ಯ ಸಂಪಾದಕರೆ,

ಪತ್ತೇದಾರಿ ಚಿತ್ರಗಳ ಎರಡನೇ ಭಾಗಗಳ ಬಗ್ಗೆ ಸಿನಿಮಾ ಪುರವಣಿಯಲ್ಲಿ ಬಂದ ಬರಹ, 2011ರ ‘ಷರ್ಲಾಕ್ ಹೋಮ್ಸ್: ಎ ಗೇಮ್ ಆಫ್ ಶ್ಯಾಡೋಸ್’ ಚಿತ್ರದ ಖಳ ಪ್ರೊಫೆಸರ್ ಮೊರಿಯಾರ್ಟಿ ಬರೀ ಮಾತಿನ ಮಲ್ಲ ಎಂದು ತಳ್ಳಿಹಾಕಿದೆ. ಬೇರೆ ಊರಿನವರು ಹಾಗೆಂದರೆ ಸುಮ್ಮನಿರಬಹುದು. ಅರಳೆ, ಗಿರಣಿ, ದಲಾಲಿ ಅಂಗಡಿಗಳ ದಾವಣಗೆರೆಯವರಿಗೆ ಅವನ ಕಸುಬು ಗೊತ್ತಾಗಬೇಕು.

ಭಾರತದ ಹತ್ತಿ ಸಾಹುಕಾರನೊಬ್ಬ ಹಗರಣದಲ್ಲಿ ಮುಳುಗುತ್ತಾನೆ. ಚೀನಾದ ಅಫೀಮು ವ್ಯಾಪಾರಿ ಸಾಯುತ್ತಾನೆ, ಅಮೆರಿಕದ ಉಕ್ಕಿನ ಧಣಿಯೂ ಸಾಯುತ್ತಾನೆ. ಸ್ಟ್ರಾಸ್‌ಬರ್ಗ್, ವಿಯೆನ್ನಾಗಳಲ್ಲಿ ಬಾಂಬ್ ಸಿಡಿಯುತ್ತದೆ. ಪತ್ತೇದಾರ ಹೋಮ್ಸ್ ಇವನ್ನೆಲ್ಲ ದಾರ ಕಟ್ಟಿ ಜೋಡಿಸಿದಾಗ ಅವನಿಗೆ ತಲೆಕೆಟ್ಟಿದೆ ಅನ್ನಿಸುತ್ತದೆ. ಮಾಲು ಯಾರ ಕೈ ಸೇರಿತು ಎಂದು ನೋಡಿದರೆ ಗಂಟು ಬಿಚ್ಚುತ್ತದೆ. ಎಲ್ಲವೂ ಮೊರಿಯಾರ್ಟಿಯ ಪಾಲು: ಹತ್ತಿಯಿಂದ ಬ್ಯಾಂಡೇಜು, ಅಫೀಮಿನಿಂದ ಮಾರ್ಫಿನ್, ಉಕ್ಕಿನಿಂದ ಫಿರಂಗಿ. ಇನ್ನು ಬೇಕಾದದ್ದು ಗಿರಾಕಿ. ಅದಕ್ಕೇ ದೇಶ ದೇಶಗಳ ನಡುವೆ ಜಗಳ ಹಚ್ಚುವುದು. ದಾಸ್ತಾನು ಮಾಡಿ ದರ ಏರಲೆಂದು ಕಾಯುವವರನ್ನು ಎಪಿಎಂಸಿಯಲ್ಲಿ ಎಲ್ಲರೂ ಬಲ್ಲರು. ಈತ ಕಾಯುವುದಿಲ್ಲ, ಅಷ್ಟೆ.

ಇಂಥವನನ್ನು ಮಣಿಸಲು ಹೋಮ್ಸ್ ಕೈ ಹಾಕುವುದು ಲೆಕ್ಕದ ಪುಸ್ತಕಕ್ಕೆ. ಮೊರಿಯಾರ್ಟಿಯ ಕೆಂಪು ನೋಟ್‌ಬುಕ್ಕಿನಲ್ಲಿರುವುದು ಸಂಕೇತ. ಬಿಡಿಸುವ ಕೀಲಿ ಬೇರೊಂದು ಪುಸ್ತಕ. ಈ ಬಗೆಯ ಸಂಕೇತದಲ್ಲಿ ಅಂಕೆಗಳು ಸಾಮಾನ್ಯವಾಗಿ ಪುಟ, ಸಾಲು, ಪದವನ್ನು ಸೂಚಿಸುತ್ತವೆ. ಎರಡೂ ಕಡೆ ಒಂದೇ ಮುದ್ರಣದ ಪ್ರತಿ ಇರಬೇಕು. ಮುದ್ರಣ ಬದಲಾಗಿ ಸಾಲು ಸರಿದರೆ ಸಂದೇಶವೇ ಕಲಸಿಹೋಗುತ್ತದೆ. ಆ ಕೀಲಿ ಯಾವುದೆಂಬ ಸುಳಿವು ಪ್ರೊಫೆಸರನ ಕೊಠಡಿಯಲ್ಲೇ ಕಾಣುತ್ತದೆ. ತೋಟಗಾರಿಕೆಯ ಪುಸ್ತಕವಿದೆ, ಕಿಟಕಿಯ ಹೂಗಿಡ ಬಾಡಿದೆ. ಗಿಡಕ್ಕೆ ನೀರೆರೆಯದವನಿಗೆ ಆ ಪುಸ್ತಕವೇಕೆ? ನೋಟ್‌ಬುಕ್ ಅದಲುಬದಲಾಗಿ ಹೋಮ್ಸನ ಗೆಳೆಯ ವಾಟ್ಸನ್‌ನ ಹೆಂಡತಿ, ಲಂಡನ್ನಿನಲ್ಲಿರುವ ಮೇರಿಯ ಕೈ ಸೇರುತ್ತದೆ. ಅಲ್ಲಿ ಸಂಕೇತ ಬಿಡಿಸಿಕೊಳ್ಳುತ್ತದೆ. ಇತ್ತ ಸ್ವಿಟ್ಜರ್ಲೆಂಡಿನಲ್ಲಿ ಹೋಮ್ಸ್, ಮೊರಿಯಾರ್ಟಿ ನಡುವೆ ಚದುರಂಗ ನಡೆಯುವ ಹೊತ್ತಿಗೆ ಅತ್ತ ಪ್ರೊಫೆಸರನ ಖಜಾನೆ ಖಾಲಿ.

ದೋಷ ಇಲ್ಲವೆನ್ನುವುದಿಲ್ಲ. ಕಾಡಿನ ಓಟದ ಸ್ಲೋ ಮೋಷನ್‌ಗೆ ಸುರಿದ ಸಮಯದ ಕಾಲುಭಾಗವನ್ನು ನಿರ್ದೇಶಕ ಗೈ ರಿಚಿ ಆ ಹೂಗಿಡಕ್ಕೆ ಕೊಟ್ಟಿದ್ದರೆ ಅರ್ಧದಷ್ಟು ಪ್ರೇಕ್ಷಕರು ಕೊನೆಯಲ್ಲಿ ಮುಖ ಮುಖ ನೋಡಿಕೊಳ್ಳುತ್ತಿರಲಿಲ್ಲ. ಆದರೂ ಸುಳಿವನ್ನು ಬಚ್ಚಿಟ್ಟಿಲ್ಲ. 1893ರ ಮೂಲ ಕಥೆಯಲ್ಲಿ ಮೊರಿಯಾರ್ಟಿಯ ಬುದ್ಧಿಯನ್ನು ಹೋಮ್ಸನ ಬಾಯಿಂದ ಕೇಳಬೇಕು. ಇಲ್ಲಿ ಅವನ ವ್ಯವಹಾರವನ್ನೇ ಕಟ್ಟಿ ತೋರಿಸಿದ್ದಾರೆ.

ನಮ್ಮಲ್ಲಿ ಎರಡನೇ ಭಾಗ ಬಂತೆಂದರೆ ಖಳ ಲ್ಯಾಪ್‌ಟಾಪ್ ತೆರೆಯುತ್ತಾನೆ, ಊರಿನ ಸಿಸಿಟಿವಿ ಎಲ್ಲ ಅವನ ಕೈವಶ, ಮುಸುಕಿನ ಧ್ವನಿಯಲ್ಲಿ ನಾಯಕನಿಗೆ ಫೋನು. ಇಷ್ಟೆಲ್ಲ ಮಾಡಲು ದುಡ್ಡು ಎಲ್ಲಿಂದ, ಇದರಿಂದ ಅವನಿಗೇನು ಲಾಭ ಎಂದು ಯಾರೂ ಕೇಳುವುದಿಲ್ಲ. ಕೊನೆಗೆ ಬಾಲ್ಯದ ಫ್ಲ್ಯಾಶ್‌ಬ್ಯಾಕ್ ಒಂದು ಬಂದು ಎಲ್ಲಕ್ಕೂ ತೇಪೆ ಹಾಕುತ್ತದೆ.

ಖಳ ಎಷ್ಟು ಜನರನ್ನು ಹೊಡೆದ ಎಂಬುದನ್ನು ಟ್ರೈಲರೇ ಹೇಳುತ್ತದೆ. ಸುಳಿವು ಇಂಟರ್‌ವಲ್‌ಗೆ ಮುಂಚೆ ಕಣ್ಣಿಗೆ ಬಿದ್ದಿತ್ತೇ ಎಂಬುದನ್ನು ತಮ್ಮ ವಿಮರ್ಶಕರು ಬರೆದರೆ ಟಿಕೆಟ್ ಕೊಳ್ಳುವವರಿಗೆ ಉಪಯೋಗ.

ಇಂತಿ,
ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ