ಅಕ್ಕನ ಮಳೆ ಲೆಕ್ಕ

ಸೋಮವಾರಪೇಟೆ

ಪುಟ್ಟಿಗೆ ಮಾವನ ಆಶೀರ್ವಾದ.

ತೋಟದ ವಿಚಾರ, ಮಕ್ಕಳ ವಿಚಾರ ಎಲ್ಲ ಓದಿದೆ. ಕೊನೆಯ ಒಂದು ಸಾಲು ಮಾತ್ರ ಎರಡು ರಾತ್ರಿ ನಿದ್ದೆಗೆಡಿಸಿತು. ‘ಮಾವ, ನಾನೂ ಅಮ್ಮನ ಹಾಗೇ ಆಗಿಬಿಡ್ತೀನಾ?’

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿದೆಯಂತೆ. ಓಡಬೇಕೆಂದು ಹೊಳೆಯಿತಲ್ಲ, ಪುಟ್ಟಿ. ಆಲ್‌ಜೈಮರ್ ಎಂಬ ಮರೆವಿನ ರೋಗ ಹಿಡಿದ ಮೇಲೆ ನಿನ್ನಮ್ಮನಿಗೆ, ನನ್ನ ಅಕ್ಕನಿಗೆ, ಅದೇ ಹೊಳೆಯುತ್ತಿರಲಿಲ್ಲ.

ನನಗೆ ಮೊದಲು ಕಂಡದ್ದು ಮಳೆ ಪುಸ್ತಕದಲ್ಲಿ. ಅಪ್ಪ ಹೋದ ಮೇಲೆ ದಿನಾ ಬೆಳಿಗ್ಗೆ ಮಳೆ ಅಳೆದು ಬರೆಯುತ್ತಿದ್ದವಳು ಅವಳೇ. ಒಂದು ಆಷಾಢದಲ್ಲಿ ಒಂದೇ ತಾರೀಕಿಗೆ ಮೂರು ಸಲ ‘2 ಇಂಚು 40 ಸೆಂಟ್ಸ್’ ಎಂದು ಬರೆದಿದ್ದಳು. ಮೂರನೆಯದು ಗೆರೆ ಬಿಟ್ಟು ಕೆಳಕ್ಕೆ ಜಾರಿತ್ತು. ಲೆಕ್ಕ ಕೆಡಿಸ್ತೀಯ ಎಂದು ಗದರಿದೆ. ಪೆನ್ನಿಗೆ ಕ್ಯಾಪ್ ಹಾಕಿ ಒಳಗೆ ಹೋದವಳು ಮತ್ತೆ ಆ ಪುಸ್ತಕ ಮುಟ್ಟಲಿಲ್ಲ. ಆ ಗದರಿಕೆ ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

1906ರಲ್ಲಿ ಆಲ್‌ಜೈಮರ್ ಡಾಕ್ಟರು ವಿವರಿಸಿದ, ಈ ರೋಗದ ಆ ಮೊದಲ ಹೆಂಗಸು 51ಕ್ಕೇ ಆಸ್ಪತ್ರೆ ಸೇರಿದ್ದಳು ಎಂದು ಓದಿ, ನಿನ್ನ 46ನ್ನು ಪಕ್ಕದಲ್ಲಿಟ್ಟು ಹೆದರಿದ್ದೀ. ಅಷ್ಟು ಬೇಗ, ತಾಯಿಯಿಂದ ಮಕ್ಕಳಿಗೆ ನೇರವಾಗಿ ಇಳಿದು ಬರುವ ಬಗೆ ನೂರರಲ್ಲಿ ಒಬ್ಬ ರೋಗಿಗೂ ಇರುವುದಿಲ್ಲ. ಅಕ್ಕನಿಗೆ ಶುರುವಾದದ್ದು 74ನೇ ವಯಸ್ಸಿನಲ್ಲಿ. ನೀನು ಪರೀಕ್ಷೆ ಮಾಡಿಸಬೇಕೆಂದಿರುವ ಅಪೋ-ಇ4 ವಂಶವಾಹಿ ಬೇರೆ ಮಾತು. ಅದರ ಒಂದು ಪ್ರತಿ ಇದ್ದರೆ ಅಪಾಯ ಎರಡು ಮೂರು ಪಟ್ಟು ಹೆಚ್ಚು, ಎರಡಿದ್ದರೆ ಇನ್ನೂ ಬಹಳ ಹೆಚ್ಚು. ಆದರೆ ಒಂದು ಪ್ರತಿ ಇದ್ದೂ ಕೊನೆತನಕ ನೆಟ್ಟಗಿದ್ದವರಿದ್ದಾರೆ, ಇಲ್ಲದೆಯೂ ಮರೆತವರಿದ್ದಾರೆ. ಆ ಕಾಗದ ಕೈಗೆ ಬಂದರೆ ನೀನು ಪ್ರತಿ ರಾತ್ರಿ ಅದನ್ನೇ ಓದುತ್ತೀ. ನಿನ್ನನ್ನು ಬಲ್ಲೆ.

ಹೊಸ ಔಷಧ ಅಮ್ಮನಿಗೆ ಸಿಗಲಿಲ್ಲವಲ್ಲ ಎಂದು ಕೊರಗಬೇಡ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಲೆಕಾನೆಮಾಬ್ ಮಿದುಳಿನಲ್ಲಿ ಕಟ್ಟಿಕೊಂಡ ಅಮಿಲಾಯ್ಡ್ ಎಂಬ ಪ್ರೋಟೀನ್ ತೆಗೆಯುತ್ತದೆ, ನಿಜ. ಆದರೆ 18 ತಿಂಗಳ ಪ್ರಯೋಗದಲ್ಲಿ ನೆನಪು, ಬುದ್ಧಿಯ ಇಳಿತ ಶೇ 27ರಷ್ಟು ನಿಧಾನವಾಯಿತು, ನಿಲ್ಲಲಿಲ್ಲ. ಅದೂ ರೋಗದ ಆರಂಭದಲ್ಲಿದ್ದವರಿಗೆ. ಮಿದುಳು ಊದುವ, ರಕ್ತ ಒಸರುವ ಭಯವೂ ಉಂಟು. ಅಕ್ಕನ ಆರಂಭವನ್ನು ನಾವು ಗುರುತಿಸಲೇ ಇಲ್ಲ.

ನನ್ನನ್ನು ಹೆಚ್ಚು ಸುಡುವುದು ಅವಳ ಕಿವಿ. ಅರವತ್ತರಲ್ಲೇ ಮಂದವಾಗಿತ್ತು. ಮಷಿನ್ ಕೊಡಿಸೋಣ ಎಂದು ನೀನು ಹೇಳಿದಾಗ, ವಯಸ್ಸಾದವರಿಗೆ ಇದ್ದದ್ದೇ ಎಂದವನು ನಾನು. ಮಾತು ಕೇಳಿಸದೆ ಅವಳು ಜಗುಲಿಯ ಮೂಲೆ ಹಿಡಿದಳು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ, ಡಿಮೆನ್ಷಿಯಾ ಎಂಬ ಮರೆಗುಳಿತನಕ್ಕೆ ತಿದ್ದಿಕೊಳ್ಳಬಹುದಾದ 14 ಕಾರಣಗಳಲ್ಲಿ ಕಿವಿ ಕೇಳದಿರುವುದೂ ಒಂದು. ಎಲ್ಲವನ್ನೂ ತಿದ್ದಿದರೆ ಡಿಮೆನ್ಷಿಯಾದ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದಂತೆ. ಅಕ್ಕನಿಗೆ ಅದರಿಂದಲೇ ಬಂತು ಎನ್ನಲಾರೆ. ಕೊಡಿಸಬೇಕಿತ್ತು, ಅಷ್ಟೇ.

ಹಾಗೆಂದು ನಿನಗೆ ಬರುವುದೇ ಇಲ್ಲ ಎಂದು ಹೇಗೆ ಬರೆಯಲಿ? ಅದು ಸುಳ್ಳಾದೀತು. ಅಕ್ಕನ ಹಾಗೇ ಆಗುತ್ತೀ ಎನ್ನುವುದೂ ಅಷ್ಟೇ ಸುಳ್ಳು. ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸು. ಕಿವಿಯನ್ನೂ ಒಮ್ಮೆ ತೋರಿಸು. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ಆದರೂ ಬರೆದೆ.

ಆ ವಂಶವಾಹಿ ಪರೀಕ್ಷೆಗೆ ರಕ್ತ ಕೊಡುವ ಮುಂಚೆ ನನಗೊಂದು ಫೋನ್ ಮಾಡು. ಬೆಳಿಗ್ಗೆ ಎಂಟೂವರೆ ಆದ ಮೇಲೆ ಮಾಡು, ಅಲ್ಲಿವರೆಗೆ ಅಂಗಳದಲ್ಲಿ ಮಳೆ ಅಳೆಯುತ್ತಿರುತ್ತೇನೆ.

ನಿನ್ನ ಮಾವ