ಮಲ್ಲೇಶ್ವರದ ಹಳೇ ಮನೆಗಳು ಉಳೀಲಿ

ಸಂಪಾದಕರೇ,

1898ರ ಪ್ಲೇಗ್ ಆದ್ಮೇಲೆ ಪೇಟೆ ಇಕ್ಕಟ್ಟು ಬಿಟ್ಟು ಬಂದ ಜನರಿಂದ ಬೆಳೆದ ಬಡಾವಣೆಗಳು ಮಲ್ಲೇಶ್ವರ, ಬಸವನಗುಡಿ. ಅದಕ್ಕೇ ಅಲ್ಲಿನ ಹಳೇ ಮನೆಗಳಲ್ಲಿ ಗಾಳಿ ಬೆಳಕಿಗೇ ಮೊದಲ ಜಾಗ, ಸುತ್ತ ಕಾಂಪೌಂಡು, ಮುಂದೆ ವರಾಂಡ, ಮೇಲೆ ಮಂಗಳೂರು ಹೆಂಚು ಇಲ್ಲಾಂದ್ರೆ ಮದ್ರಾಸ್ ತಾರಸಿ, ಅಂದ್ರೆ ಮರದ ತೊಲೆ ಮೇಲೆ ಸಣ್ಣ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ್ದು, ಕಿಟಕಿ ನೆತ್ತಿಗೆ ಮಂಕಿ ಟಾಪ್ ಅಂತಾರಲ್ಲ ಆ ಚೂಪು ಮರದ ಮಾಡು ಬೇರೆ, ಎಷ್ಟು ಚೆಂದ! ಈಗ ಒಂದೊಂದಾಗಿ ಒಡೆದು ಅಪಾರ್ಟ್‌ಮೆಂಟ್ ಕಟ್ತಿದಾರೆ. ಓನರ್‌ಗಳನ್ನ ಬೈಯೋಕಾಗಲ್ಲ, ರಿಪೇರಿ ಖರ್ಚು ಜಾಸ್ತಿ, ಸುಣ್ಣದ ಗಾರೆ ಕೆಲಸ ಗೊತ್ತಿರೋ ಮೇಸ್ತ್ರಿ ಸಿಗೋದೇ ಕಷ್ಟ, ಮೇಲಿಂದ ಅಣ್ಣತಮ್ಮಂದಿರ ಪಾಲು. ಉಳಿಸ್ಕೊಂಡೋರಿಗೆ ಆಸ್ತಿ ತೆರಿಗೇಲಿ ದೊಡ್ಡ ರಿಯಾಯ್ತಿ ಕೊಡ್ಲಿ, ಒಡೆಯೋದೇ ಆದ್ರೆ ಮುಂಚೆ ಫೋಟೋ, ಅಳತೆ ಎಲ್ಲಾ ದಾಖಲೆ ಆಗ್ಲೇಬೇಕು ಅಂತ ಸರ್ಕಾರ ರೂಲ್ ಮಾಡ್ಲಿ.

– ನಿಮ್ಮ ಓದುಗ, ಮಲ್ಲೇಶ್ವರ