ಹಳೇ ಹೈ-ಫೈ ಕೊಳ್ಳೋರಿಗೆ ಮಾರೋರಿಗೆ ಸ್ಟೇಷನ್ನಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಡಿಜಿಟಲ್ ಅರೆಸ್ಟು, ಷೇರು ಟ್ರೇಡಿಂಗ್ ಮೋಸ, ಕೊರಿಯರ್ ಹೆಸರಲ್ಲಿ ಬರೋ ಫೋನು, ಇವುಗಳ ಬಗ್ಗೆ ನಿಮ್ಮ ಪೇಪರಲ್ಲಿ ಆಗಾಗ ಬರ್ತಾನೇ ಇರತ್ತೆ, ಬರಬೇಕಾದ್ದೇ. ಆದ್ರೆ ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳೋಕೆ ಮಾರೋಕೆ ಹೋಗಿ ದುಡ್ಡು ಕಳ್ಕೊಂಡೋರ ಕಥೆ ಯಾರೂ ಬರೆಯಲ್ಲ. ಅದರಲ್ಲೂ ಹಳೇ ಆಂಪ್ಲಿಫೈಯರು, ಟರ್ನ್‌ಟೇಬಲ್ಲು (ರೆಕಾರ್ಡ್ ಹಾಕೋ ಪ್ಲೇಯರು), ಸ್ಪೀಕರು ಅಂತ ಹುಡುಕೋ ನಮ್ಮಂಥ ಹಾಡು ಕೇಳೋ ಹುಚ್ಚಿರೋರು ಒಂದೊಂದು ಸಾಮಾನಿಗೆ ಐವತ್ತು ಸಾವಿರ, ಲಕ್ಷ, ಎರಡು ಲಕ್ಷ ಕೊಡ್ತೀವಿ, ಕಳ್ಕೊಂಡ್ರೆ ಮನೇಲೂ ಬಾಯಿ ಬಿಡಲ್ಲ, ದೂರು ಕೊಡೋಕೆ ಹೋದ್ರೆ "ಹಳೇ ಸ್ಪೀಕರಿಗೆ ಇಷ್ಟು ದುಡ್ಡಾ" ಅಂತ ಎಲ್ಲಿ ಕೇಳ್ತಾರೋ ಅಂತ ಹಿಂಜರಿದು ಸುಮ್ಮನಾಗ್ತೀವಿ. ನಾನೂ ಹಾಗೇ ಸುಮ್ಮನಿದ್ದೆ, ಇವತ್ತು ಬರೀತಿದೀನಿ.

ಹೋದ ವರ್ಷ ಆಗಿದ್ದು ಇದು. ಎಲ್‌ಎಸ್3/5ಎ ಅಂತ ಒಂದು ಸ್ಪೀಕರ್ ಇದೆ. ಬಿಬಿಸಿಯವರು 1970ರ ದಶಕದಲ್ಲಿ ಹೊರಗಡೆ ಪ್ರಸಾರಕ್ಕೆ ಹೋಗೋ ವ್ಯಾನಿನಲ್ಲಿಟ್ಟು ಕೇಳೋಕೆ ಅಂತ ಡಿಸೈನ್ ಮಾಡಿದ್ದು, ಒಂದಡಿ ಎತ್ತರ ಅಷ್ಟೆ, ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಹೀಗೆ ಸುಮಾರು ಕಂಪನಿಯವರು ಲೈಸೆನ್ಸ್ ತಗೊಂಡು ಮಾಡಿದ್ರು. ನಮ್ಮ ಸ್ನೇಹಿತರೊಬ್ಬರ ಮನೇಲಿ ಅದರಲ್ಲಿ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡ್ ಕೇಳಿದ್ದೆ, ಉಸಿರು ಎಳ್ಕೊಳ್ಳೋ ಸದ್ದು ಕೂಡ ಎದುರಿಗೆ ಕೂತ ಹಾಗೆ ಕೇಳಿಸ್ತು, ಅವತ್ತಿಂದ ಅದೇ ಬೇಕು ಅಂತ ಮನಸ್ಸು. ಒಂದು ದಿನ ಜಾಹೀರಾತು ಕಾಣಿಸ್ತು, ಜೋಡಿಗೆ 95,000 ರೂಪಾಯಿ. ಫೋನ್ ಮಾಡಿದ್ರೆ ಆ ಕಡೆಯವನು ಮಿಲಿಟರಿಯಲ್ಲಿದೀನಿ, ಟ್ರಾನ್ಸ್‌ಫರ್ ಆಗಿದೆ, ಸಾಮಾನು ಹೊತ್ಕೊಂಡು ಹೋಗೋಕಾಗಲ್ಲ ಅಂದ. ಐಡಿ ಕಾರ್ಡ್ ಫೋಟೋ ಕಳಿಸ್ದ, ಯೂನಿಫಾರ್ಮ್ ಹಾಕಿರೋ ಫೋಟೋ ಕಳಿಸ್ದ, ಮಾತು ಮಾತಿಗೂ ಜೈ ಹಿಂದ್ ಸಾರ್ ಅಂತಿದ್ದ. ಸೈನಿಕರು ಅಂದ್ರೆ ನಮಗೆ ಗೌರವ ಅಲ್ವಾ, ಅನುಮಾನ ಪಡೋಕೆ ನಾಚಿಕೆ ಆಯ್ತು. ಬೆಳಿಗ್ಗೆ ಅಡ್ವಾನ್ಸ್ 40,000 ಹಾಕ್ದೆ. ಮಧ್ಯಾಹ್ನ ಪ್ಯಾಕಿಂಗಿಗೆ ಗಾಡಿಗೆ ಅಂತ 6,500 ಕೇಳ್ದ, ಅದೂ ಹಾಕ್ದೆ. ಸಂಜೆ ಇನ್ಶೂರೆನ್ಸ್ 12,000, ಡೆಲಿವರಿ ಆದಮೇಲೆ ವಾಪಸ್ ಬರತ್ತೆ ಅಂದಾಗ ಎದೆ ಧಸಕ್ ಅಂತು.

ರಾತ್ರಿ ಆ ಫೋಟೋಗಳನ್ನ ದೊಡ್ಡದು ಮಾಡಿ ನೋಡ್ತಾ ಕೂತೆ. ಸ್ಪೀಕರ್ ಹಿಂದಿನ ಗೋಡೇಲಿ ಪ್ಲಗ್ ಸಾಕೆಟ್ ಇತ್ತು, ಮೇಲೆ ಎರಡು ಕಿಂಡಿ ಓರೆಯಾಗಿ, ಕೆಳಗೆ ಒಂದು ನೇರವಾಗಿ. ನಮ್ಮ ದೇಶದ ಸಾಕೆಟ್ಟಲ್ಲಿ ಕಿಂಡಿ ದುಂಡಗಿರತ್ತೆ, ಇದು ಆಸ್ಟ್ರೇಲಿಯಾದ್ದು. ಇಂಟರ್ನೆಟ್ಟಲ್ಲಿ ಆ ಫೋಟೋ ಹಾಕಿ ಹುಡುಕಿದ್ರೆ ಅದೇ ಸ್ಪೀಕರು, ಅದೇ ಗೋಡೆ, ಅಲ್ಲಿ ಯಾರೋ ಯಾವಾಗಲೋ ಮಾರಿದ ಹಳೇ ಜಾಹೀರಾತು. ಹತ್ತು ಸಲ ನೋಡಿದ ಫೋಟೋ ಅದು, ಸದ್ದು ಹೊರಡಿಸೋ ಕೋನ್ ನೋಡ್ದೆ, ಮರದ ಪಾಲಿಶ್ ನೋಡ್ದೆ, ಗೋಡೆ ನೋಡ್ಲಿಲ್ಲ. ಅದಕ್ಕೇ ಎಲ್ಲರಿಗೂ ಹೇಳ್ತಿದೀನಿ, ಫೋಟೋದಲ್ಲಿ ಸಾಮಾನಿಗಿಂತ ಮೊದಲು ಅದರ ಸುತ್ತ ಏನಿದೆ ನೋಡಿ, ಆಮೇಲೆ ಒಂದು ಚೀಟಿ ಮೇಲೆ ಇವತ್ತಿನ ತಾರೀಖು ನಿಮ್ಮ ಹೆಸರು ಬರೆದು ಸಾಮಾನಿನ ಮೇಲಿಟ್ಟು ಹೊಸ ಫೋಟೋ ಕಳಿಸಿ ಅಂತ ಕೇಳಿ, ಹಿಂದಿನ ಸೀರಿಯಲ್ ನಂಬರ್ ಕಾಣೋ ಹಾಗೆ. ಸಾಮಾನು ಇಟ್ಕೊಂಡಿರೋನಿಗೆ ಅದು ಎರಡು ನಿಮಿಷದ ಕೆಲಸ. ವಿಡಿಯೋ ಕಾಲಲ್ಲಿ ನಾನು ಹೇಳಿದ ನಾಬ್ ತಿರುಗಿಸಿ ತೋರಿಸಿ ಅನ್ನಿ, ಕಳ್ಳ ಅಲ್ಲೇ ಫೋನ್ ಇಟ್ಬಿಡ್ತಾನೆ.

ನಾನು ಮಾಡಿದ ಇನ್ನೊಂದು ದೊಡ್ಡ ತಪ್ಪು, ಸೈಬರ್ ಮೋಸದ ದೂರು ಕೊಡೋ ಸಹಾಯವಾಣಿ 1930ಕ್ಕೆ ಫೋನ್ ಮಾಡೋಕೆ ಎರಡು ದಿನ ಬಿಟ್ಟಿದ್ದು. ದುಡ್ಡು ಹೋದ ತಕ್ಷಣ, ಅಂದ್ರೆ ಗಂಟೆ ಲೆಕ್ಕದಲ್ಲಿ ಹೇಳಿದ್ರೆ ಅದು ಬಿದ್ದ ಅಕೌಂಟಲ್ಲೇ ತಡೆ ಹಿಡಿಯೋ ಸಾಧ್ಯತೆ ಇರತ್ತೆ, ಎರಡು ದಿನದಲ್ಲಿ ಅದು ಎಷ್ಟು ಅಕೌಂಟ್ ದಾಟಿರತ್ತೋ. ನನ್ನ 46,500 ಇವತ್ತಿನವರೆಗೂ ಬಂದಿಲ್ಲ.

ಕೊಳ್ಳೋರ ಕಥೆ ಹಿಂಗಾದ್ರೆ ಮಾರೋರದು ಇನ್ನೂ ಕಷ್ಟ. ಶಿವಮೊಗ್ಗದಲ್ಲಿ ನನಗೆ ಅಕ್ಕನ ಹಾಗಿರೋ ಒಬ್ಬರಿದಾರೆ, ಅವರ ಯಜಮಾನರು ತೀರ್ಕೊಂಡ ಮೇಲೆ ಗ್ಯಾರಾರ್ಡ್ 401 ಟರ್ನ್‌ಟೇಬಲ್ ಮನೇಲೇ ಉಳೀತು. 1965ರಲ್ಲಿ ಬಂದ ಮಾಡೆಲ್ಲು, ಇವತ್ತಿಗೂ ಅದನ್ನ ಕಣ್ಣಿಗೊತ್ಕೊಂಡು ತಗೊಳ್ಳೋ ಜನ ಇದಾರೆ. ಬೀದೀಲಿ ಬಂದ ಗುಜರಿಯವನು ಮೂರು ಸಾವಿರಕ್ಕೆ ಕೇಳಿದ್ದ, ಪುಣ್ಯಕ್ಕೆ ಕೊಟ್ಟಿರಲಿಲ್ಲ. ಆನ್‌ಲೈನಲ್ಲಿ ಹಾಕಿದ ಅರ್ಧ ಗಂಟೇಲಿ ಒಬ್ಬ ಫೋನ್ ಮಾಡಿ ಚೌಕಾಸಿನೇ ಮಾಡದೆ ಪೂರ್ತಿ ರೇಟಿಗೆ ಒಪ್ಕೊಂಡ. ಮೊದಲು ಒಂದು ರೂಪಾಯಿ ಹಾಕಿ ಬಂತಾ ಅಮ್ಮ ಅಂತ ಕೇಳ್ದ, ಬಂದಿತ್ತು. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, ಇದನ್ನ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ರೆ ಉಳಿದ ದುಡ್ಡೂ ಬರತ್ತೆ ಅಂದ. ಅಕ್ಕನ ಮಗಳು ಪಕ್ಕದಲ್ಲಿದ್ಲು, ಫೋನ್ ಕಿತ್ಕೊಂಡ್ಲು, ಅಷ್ಟರಲ್ಲಿ ಪಿನ್ನಿನ ಮೂರು ನಂಬರ್ ಒತ್ತಾಗಿತ್ತು. ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಕಾಗೇ ಇಲ್ಲ ಸ್ವಾಮಿ, ಪಿನ್ ಒತ್ತಿದ್ರೆ ನಮ್ಮ ದುಡ್ಡು ಹೋಗತ್ತೆ ಅಂತಲೇ ಅರ್ಥ, ಇದನ್ನ ಮನೇಲಿರೋ ಹಿರಿಯರಿಗೆ ದಯವಿಟ್ಟು ಇವತ್ತೇ ಹೇಳಿಕೊಡಿ.

ಇದಕ್ಕಿಂತ ನಾಜೂಕಾದ್ದು ಇನ್ನೊಂದಿದೆ, ಸುಮಾರು ಜನಕ್ಕೆ ಗೊತ್ತಿಲ್ಲ. ಕಳ್ಳ ಇನ್ಯಾರಿಗೋ ಮೋಸ ಮಾಡಿ ಅವರ ದುಡ್ಡನ್ನ ನಿಮ್ಮ ಅಕೌಂಟಿಗೆ ಹಾಕಿಸ್ತಾನೆ, ನೀವು ದುಡ್ಡು ಬಂತು ಅಂತ ಆಂಪ್ಲಿಫೈಯರ್ ಎತ್ತಿ ಅವನ ಕೈಗೆ ಕೊಡ್ತೀರ, ಆಮೇಲೆ ಆ ಬೇರೆಯವರು ಕಂಪ್ಲೇಂಟ್ ಕೊಟ್ಟಾಗ ಫ್ರೀಜ್ ಆಗೋದು ನಿಮ್ಮ ಅಕೌಂಟು. ಸಾಮಾನೂ ಹೋಯ್ತು, ದುಡ್ಡೂ ಮುಟ್ಟೋ ಹಾಗಿಲ್ಲ, ಸ್ಟೇಷನ್ನಿಗೆ ಅಲೆಯೋದು ಬೇರೆ. ಹಂಗಾಗಿ ಎದುರಿಗೆ ನಿಂತಿರೋನ ಹೆಸರೂ ದುಡ್ಡು ಬಂದ ಅಕೌಂಟಿನ ಹೆಸರೂ ಒಂದೇನಾ ನೋಡಿ, ನಮ್ಮ ಭಾವ ಹಾಕ್ತಾರೆ, ಫ್ರೆಂಡ್ ಹಾಕ್ತಾನೆ ಅಂದ್ರೆ ಬೇಡ ಅನ್ನಿ. ಅವನ ಫೋನಿನ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕಿನ ಆಪ್ ತೆಗೆದು ಬ್ಯಾಲೆನ್ಸ್ ನೋಡಿ.

ಇನ್ನು ದೊಡ್ಡ ಮೊತ್ತದ ವಿಷಯ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ದಿನಕ್ಕೆ ಒಂದು ಲಕ್ಷದವರೆಗೇ ಹೋಗೋದು. ನಗದು ಕೊಡ್ತೀನಿ ಅಂದ್ರೆ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕೆ ಮೇಲೆ ಕ್ಯಾಶ್ ತಗೊಳ್ಳೋ ಹಾಗಿಲ್ಲ, ತಗೊಂಡ್ರೆ ತಗೊಂಡಷ್ಟೇ ದಂಡ ಬೀಳಬಹುದು, ಆದಾಯ ತೆರಿಗೆ ಕಾನೂನಲ್ಲೇ ಇದೆ. ಅದಕ್ಕಿಂತ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿಸಿ, ಮಾಡೆಲ್, ಸೀರಿಯಲ್ ನಂಬರ್, ಮೊತ್ತ, ತಾರೀಖು ಬರೆದ ಚೀಟಿಗೆ ಇಬ್ಬರೂ ಸೈನ್ ಹಾಕಿ. ಕದ್ದ ಮಾಲು ಅಂತ ಗೊತ್ತಿದ್ದೂ ತಗೊಂಡ್ರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಕೊಂಡೋನೂ ಅಪರಾಧೀನೇ, ಆದ್ದರಿಂದ ಸೀರಿಯಲ್ ನಂಬರ್ ಕೆರೆದಿರೋ ಸಾಮಾನು ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ಮುಟ್ಟಬೇಡಿ. ಐಡಿ ಕೊಡಲೇಬೇಕಾಗಿ ಬಂದ್ರೆ ಆಧಾರ್ ಪೂರ್ತಿ ಕೊಡಬೇಡಿ, ಮಾಸ್ಕ್ ಮಾಡಿದ (ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ) ಆಧಾರ್ ಡೌನ್‌ಲೋಡ್ ಮಾಡ್ಕೊಳ್ಳಬಹುದು. ನನಗೆ ಬಂದ ಆ ಮಿಲಿಟರಿ ಐಡಿ ಕೂಡ ಯಾರೋ ನಿಜವಾದ ಸೈನಿಕರದ್ದೇ ಇರಬಹುದು ಅಂತ ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗತ್ತೆ.

ಇಷ್ಟೆಲ್ಲಾ ಆದಮೇಲೆ ನಾನು ಒಂದು ನಿಯಮ ಮಾಡ್ಕೊಂಡೆ, ಕಿವಿಯಾರೆ ಕೇಳದೆ ಒಂದು ಪೈಸೆ ಕೊಡಲ್ಲ ಅಂತ. ಮೂರು ತಿಂಗಳ ಹಿಂದೆ ಹಾಸನಕ್ಕೆ ಹೋದೆ, ರಿಟೈರ್ಡ್ ಹೆಡ್‌ಮೇಷ್ಟ್ರು ಒಬ್ಬರ ಮನೇಲಿ ಸಾನ್ಸುಯಿ ಎಯು-717 ಆಂಪ್ಲಿಫೈಯರ್ ಇತ್ತು, ಅವರ ತಮ್ಮ ಮಸ್ಕತ್ತಿನಲ್ಲಿದ್ದಾಗ ತಂದಿದ್ದಂತೆ. 1970ರ ದಶಕದ ಕೊನೇ ಕಡೆಯ ಸಾಮಾನು, ಚಾನೆಲ್‌ಗೆ 85 ವ್ಯಾಟು, ಎತ್ತೋಕೆ ಹೋದ್ರೆ ಸೊಂಟ ಹಿಡ್ಕೊಳ್ಳೋ ಅಷ್ಟು ಭಾರ. ಮೇಷ್ಟ್ರು ಅದರ ಮೇಲೆ ಕ್ರೋಶಾ ಹಾಕಿದ ಬಟ್ಟೆ ಹೊದಿಸಿಟ್ಟಿದ್ರು. ಸಾರ್ ಒಂದು ಗಂಟೆ ಟೈಮ್ ಕೊಡ್ತೀರಾ, ಚೆಕ್ ಮಾಡಿ ತಗೊಳ್ತೀನಿ ಅಂದೆ. "ಅದಕ್ಕೇನಪ್ಪಾ, ಊಟ ಮಾಡ್ಕೊಂಡೇ ಹೋಗು" ಅಂದ್ರು. ಮೊದಲು ಸ್ಪೀಕರ್ ವೈರ್ ಹಾಕಲೇ ಇಲ್ಲ. ಆನ್ ಮಾಡಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಹತ್ತು ನಿಮಿಷ ಬಿಸಿಯಾಗೋಕೆ ಬಿಟ್ಟು, ಸ್ಪೀಕರ್ ವೈರ್ ಸಿಕ್ಕಿಸೋ ಜಾಗಕ್ಕೆ ಕರೆಂಟು ಅಳೆಯೋ ಮಲ್ಟಿಮೀಟರ್ ಕಡ್ಡಿ ಇಟ್ಟು ಡಿಸಿ ವೋಲ್ಟೇಜ್ (ಬ್ಯಾಟರಿಯ ಥರ ಒಂದೇ ದಿಕ್ಕಿನದು) ನೋಡ್ದೆ. ಎಡಗಡೆ 12 ಮಿಲಿವೋಲ್ಟು, ಬಲಗಡೆ 190. ಹಾಡು ಇಲ್ಲದಾಗ ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಇರಬೇಕು, 50ರ ಒಳಗಿದ್ರೆ ಚಿಂತೆ ಇಲ್ಲ, 190 ಅಂದ್ರೆ ಒಳಗೆ ಏನೋ ಸರಿ ಇಲ್ಲ ಅಂತ, ಅದು ಇನ್ನೂ ಜಾಸ್ತಿಯಾದ್ರೆ ಒಂದಿನ ಸ್ಪೀಕರ್ ಕಾಯಿಲ್ಲೇ ಸುಟ್ಟುಹೋಗಬಹುದು. ಆಮೇಲೆ ನನ್ನ ಚಿಕ್ಕ ಸ್ಪೀಕರ್ ಸಿಕ್ಕಿಸಿ ಬ್ಯಾಲೆನ್ಸ್ ನಾಬ್ ಪೂರ್ತಿ ಎಡಕ್ಕೆ ತಿರುಗಿಸಿ ಕೇಳ್ದೆ, ಪೂರ್ತಿ ಬಲಕ್ಕೆ ತಿರುಗಿಸಿ ಕೇಳ್ದೆ, ವಾಲ್ಯೂಮ್ ಮೆಲ್ಲಗೆ ಏರಿಸುವಾಗ ಕರಕರ ಅಂತು. ಆ ಕರಕರ ಧೂಳಿನದ್ದು, ಕ್ಲೀನರ್ ಹೊಡೆದ್ರೆ ಹೋಗತ್ತೆ. 190 ಮಾತ್ರ ಹಂಗಲ್ಲ. ಮೇಷ್ಟ್ರಿಗೆ ಮೀಟರ್ ತೋರಿಸಿ ಹೇಳ್ದೆ, ಅವರು ಕನ್ನಡಕ ಹಾಕ್ಕೊಂಡು ನೋಡಿ, "ನನಗಿದು ಗೊತ್ತಿರ್ಲಿಲ್ಲಪ್ಪ, ರಿಪೇರಿಗೆ ಎಷ್ಟಾಗತ್ತೋ ಅಷ್ಟು ಮುರ್ಕೊಂಡು ಕೊಡು" ಅಂದ್ರು. ಇಬ್ಬರಿಗೂ ಸಮಾಧಾನ. ಫೋಟೋ ನೋಡಿ ದುಡ್ಡು ಹಾಕಿದ್ರೆ ಆ 190 ನನಗೆ ಯಾವತ್ತು ಗೊತ್ತಾಗ್ತಿತ್ತು ಹೇಳಿ. ಅಂದ ಹಾಗೆ ರಿಪೇರಿಗೆ ಕೊಡುವಾಗ ಪವರ್ ಟ್ರಾನ್ಸಿಸ್ಟರ್ ಎಲ್ಲಿಂದ ತರ್ತೀರ ಅಂತ ಕೇಳಿ, ತೋಷಿಬಾ ಸ್ಯಾಂಕೆನ್ ಹೆಸರು ಅಚ್ಚೊತ್ತಿದ ನಕಲಿ ಮಾರ್ಕೆಟ್ಟಲ್ಲಿ ಬೇಕಾದಷ್ಟಿದೆ.

ಬೇರೆ ಸಾಮಾನಿಗೂ ಹೀಗೇ ಒಂದೊಂದು ಇದೆ. ಜಪಾನಿನಿಂದ ನೇರ ಬಂದ ಆಂಪ್ಲಿಫೈಯರ್ ಆಗಿದ್ರೆ ಹಿಂದೆ 100 ವೋಲ್ಟ್ ಅಂತಿರತ್ತೆ, ನಮ್ಮ 230ಕ್ಕೆ ಸಿಕ್ಕಿಸಿದ್ರೆ ಹೊಗೆ ಬರತ್ತೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಲೆಕ್ಕ ಹಾಕ್ಕೊಂಡೇ ರೇಟ್ ಮಾತಾಡಿ. ಸ್ಪೀಕರ್ ಕೋನಿನ ಸುತ್ತ ಫೋಮ್ ಇದ್ರೆ ಬೆರಳ ತುದಿಯಿಂದ ಮೆತ್ತಗೆ ಮುಟ್ಟಿ, ಪುಡಿ ಉದುರಿದ್ರೆ ಹೊಸದು ಹಾಕಿಸಬೇಕು, ಕರಾವಳಿ ಕಡೆ ತೇವಕ್ಕೆ ಇದು ಬೇಗ ಹೋಗತ್ತೆ. ಟ್ವೀಟರಿಗೆ, ಅಂದ್ರೆ ಸ್ಪೀಕರಿನಲ್ಲಿ ಮೇಲಿನ ಸ್ವರ ಕೊಡೋ ಚಿಕ್ಕ ಭಾಗಕ್ಕೆ, ಕಿವಿ ಹತ್ತಿರ ಇಟ್ಟು ಕೇಳಿ, ಸುಟ್ಟಿರೋ ಟ್ವೀಟರ್ ನೋಡೋಕೆ ಹೊಸದರ ಹಾಗೇ ಇರತ್ತೆ. ಟರ್ನ್‌ಟೇಬಲ್ ಆದ್ರೆ ನೀಡಲ್ ಹಿಡಿದಿರೋ ಸಣ್ಣ ಕಡ್ಡಿ ನೆಟ್ಟಗಿದೆಯಾ ಅಂತ ಮುಂದೆ ಬಗ್ಗಿ ನೋಡಿ. ಸಿಡಿ ಪ್ಲೇಯರಿನಲ್ಲಿ ಮೊದಲ ಹಾಡು ಮಾತ್ರ ಅಲ್ಲ, ಕೊನೇ ಹಾಡೂ ಹಾಕಿಸಿ.

ಪಾರ್ಸೆಲ್ ಮಾಡಲೇಬೇಕಾದ್ರೆ ಟರ್ನ್‌ಟೇಬಲ್ಲಿನ ತಟ್ಟೆ, ಹಿಂದಿನ ತೂಕದ ಗುಂಡು ಬಿಚ್ಚಿ ಬೇರೆ ಬೇರೆ ಸುತ್ತಿ, ನೀಡಲ್ ಇರೋ ತೋಳನ್ನ ಅಲ್ಲಾಡದ ಹಾಗೆ ಕಟ್ಟಿ, ವಾಲ್ವ್ ಆಂಪ್ಲಿಫೈಯರ್ ಆದ್ರೆ ವಾಲ್ವ್‌ಗಳನ್ನ ತೆಗೆದು, ಡಬ್ಬದೊಳಗೆ ಇನ್ನೊಂದು ಡಬ್ಬ ಹಾಕಿ, ಪ್ಯಾಕ್ ಮಾಡೋದನ್ನ ವಿಡಿಯೋ ಮಾಡ್ಕೊಳ್ಳಿ, ತಗೊಂಡೋರು ಬಿಚ್ಚೋದನ್ನ ಮಾಡ್ಕೊಳ್ಳಲಿ. ಆದ್ರೂ ಇಪ್ಪತ್ತು ಕೆಜಿ ಕಬ್ಬಿಣ ತಾಮ್ರ ಇರೋ ಡಬ್ಬಾನ ಎರಡಡಿ ಮೇಲಿಂದ ಎತ್ತಿಹಾಕಿದ್ರೆ ಯಾವ ಥರ್ಮೋಕೋಲೂ ಕಾಯಲ್ಲ. ಬಸ್ಸೋ ಕಾರೋ ಹತ್ತಿ ಹೋಗಿ ತರೋದೇ ವಾಸಿ.

ಆದ್ರೆ ಎಲ್ಲರೂ ಹಾಸನದ ಮೇಷ್ಟ್ರ ಹಾಗಿರಲ್ಲ. ಗುರುತಿಲ್ಲದೋರನ್ನ ಮನೆಗೆ ಕರೆಯೋಕೆ, ಅದರಲ್ಲೂ ಒಂಟಿಯಾಗಿರೋ ಹೆಂಗಸರಿಗೆ ವಯಸ್ಸಾದೋರಿಗೆ ಭಯ ಆಗತ್ತೆ, ಲಕ್ಷ ಇಟ್ಕೊಂಡು ಗೊತ್ತಿಲ್ಲದ ಬೀದಿಗೆ ಹೋಗೋಕೆ ಕೊಳ್ಳೋರಿಗೂ ಭಯ. ಶಿವಮೊಗ್ಗದ ಅಕ್ಕ ಆ ಟರ್ನ್‌ಟೇಬಲ್ ಇನ್ನೂ ಮಾರಿಲ್ಲ, ಯಾರನ್ನೂ ಒಳಗೆ ಬಿಡೋಕೆ ಧೈರ್ಯ ಬರ್ತಿಲ್ಲ ಅಂತಾರೆ. ಅಮೆರಿಕದಲ್ಲಿ ಎಷ್ಟೋ ಊರಲ್ಲಿ ಪೊಲೀಸ್ ಸ್ಟೇಷನ್ ಮುಂದೇನೇ ಇದಕ್ಕೆ ಅಂತ ಜಾಗ ಗುರುತು ಮಾಡಿ, ಕ್ಯಾಮೆರಾ ಹಾಕಿ, ಆನ್‌ಲೈನಲ್ಲಿ ಕೊಂಡಿದ್ದು ಮಾರಿದ್ದು ಇಲ್ಲಿ ಬಂದು ಕೈ ಬದಲಾಯಿಸ್ಕೊಳ್ಳಿ ಅಂತ ಬೋರ್ಡ್ ಹಾಕಿರ್ತಾರೆ. ನಮ್ಮ ರಾಜ್ಯದ ಪೊಲೀಸ್ ಇಲಾಖೆಯವರು ಇದನ್ನ ಓದ್ತಿದ್ರೆ ನನ್ನ ಕೋರಿಕೆ ಇಷ್ಟೆ, ಜಿಲ್ಲೆಗೆ ಒಂದು ಸ್ಟೇಷನ್ನಿನ ವರಾಂಡದಲ್ಲಿ ಒಂದು ಗಟ್ಟಿ ಟೇಬಲ್ಲು, ಒಂದು ಸಿಸಿಟಿವಿ ಕ್ಯಾಮೆರಾ, ಆನ್ ಮಾಡಿ ಕೇಳಿ ನೋಡೋಕೆ ಒಂದು ಪ್ಲಗ್ ಪಾಯಿಂಟ್ ಕೊಡಿ. ಬೇರೆ ಸಿಬ್ಬಂದಿ ಬೇಡ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿದ್ರೆ ಸಾಕು. ಮೊಬೈಲು, ಕ್ಯಾಮೆರಾ, ಲ್ಯಾಪ್‌ಟಾಪ್ ಮಾರೋರಿಗೂ ಅದೇ ಟೇಬಲ್ ಆಗತ್ತೆ. ಶಿವಮೊಗ್ಗದಲ್ಲಿ ಅಂಥದ್ದೊಂದು ಆದ ದಿನ ಅಕ್ಕನ ಗ್ಯಾರಾರ್ಡ್ ನಾನೇ ಹೊತ್ಕೊಂಡು ಹೋಗಿ ಅಲ್ಲಿಡ್ತೀನಿ.

ಇಂತಿ ನಿಮ್ಮ ಓದುಗ,
ಕುವೆಂಪುನಗರ, ಮೈಸೂರು